ಮಲೆನಾಡು-ವೀಕ್ಷಣ-ಮೀಮಾಂಸೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಹಸಿರಿನೊಡನೆ ಒಂದು ಅನುಸಂಧಾನ

ಶಾಸ್ತ್ರವೆಂದಮೇಲೆ ಅದಕ್ಕೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯ ಇರಬೇಕೆಂದು ಬಲ್ಲವರ ಮತ. ಶೃಂಗೇರಿಯಂಥ ವಿದ್ಯಾಪೀಠದ ಆಸುಪಾಸಿನಲ್ಲಿ ಕೂತು ಬರೆಯುವವನು ಈ ಮರ್ಯಾದೆ ಮೀರುವಂತಿಲ್ಲ. ಮಲೆನಾಡು-ವೀಕ್ಷಣ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಶನಿವಾರ ಬೆಳಗಾಗುವಾಗ ಬಾಳೆಹೊನ್ನೂರಿನ ಭದ್ರಾ ಸೇತುವೆಯ ಹತ್ತಿರ ಕಾರು ನಿಲ್ಲಿಸಿ ಮೈಮುರಿಯುವವನು. ವಿಷಯ, ಹಸಿರು. ಅಧಿಕಾರಿಗೂ ವಿಷಯಕ್ಕೂ ಇರುವ ಸಂಬಂಧ ಗೂಗಲ್ ಮ್ಯಾಪು. ಜಯಪುರ ದಾಟಿದಮೇಲೆ ಅದು ಆಗಾಗ ಕಡಿದುಹೋಗುತ್ತದೆ. ಪ್ರಯೋಜನ, ಸೋಮವಾರ ಆಫೀಸಿನಲ್ಲಿ ತೋರಿಸಬಹುದಾದ ಫೋಟೊ. ಮೋಕ್ಷವೂ ಆದೀತು, ಆದರೆ ಎರಡು ರಾತ್ರಿಯ ಪ್ಯಾಕೇಜಿನಲ್ಲಿ ಅದು ಸೇರಿಲ್ಲ.

ಪೂರ್ವಸೂರಿಗಳನ್ನು ನೆನೆಯುವುದು ಮುಂದಿನ ವಿಧಿ. ಈ ಸೀಮೆಯ ಊರೊಂದರಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ಆಶಯ ಭಾಷಣಕಾರರು, ಮಲೆನಾಡೆಂಬುದು ಭೂಪ್ರದೇಶವೇ ಅಲ್ಲವೆಂದೂ ಅದು ನೋಡುವವನಿಗೂ ನೋಡಲ್ಪಡುವುದಕ್ಕೂ ನಡುವೆ ಏರ್ಪಡುವ ಸಂಕಥನಾತ್ಮಕ ಮುಖಾಮುಖಿಯೆಂದೂ ಅಪ್ಪಣೆ ಕೊಡಿಸಿದರು. ಹಾಗಾದರೆ ನಾನು ಪಹಣಿ ಇಟ್ಟುಕೊಂಡಿರುವುದು ಯಾವುದಕ್ಕೆ, ಕಂದಾಯ ಕಟ್ಟುತ್ತಿರುವುದು ಯಾವುದಕ್ಕೆ ಎಂಬ ಸಂದೇಹ ನನಗೆ ಬಂತು. ಪ್ರಶ್ನೋತ್ತರಕ್ಕೆ ಸಮಯ ಉಳಿದಿರಲಿಲ್ಲ. 'ಸ್ಥಳೀಯ ಸಮುದಾಯದ ಸಹಭಾಗಿತ್ವ' ಎಂಬ ಮಾತು ಅಂದು ಪ್ರತಿ ಗೋಷ್ಠಿಯಲ್ಲೂ ಮೊಳಗಿತು. ಸಹಭಾಗಿತ್ವ ನಡೆದದ್ದೂ ಸುಳ್ಳಲ್ಲ: ಕಡುಬು, ಕಳಲೆ ಪಲ್ಯ, ಪತ್ರೊಡೆ ಎಲ್ಲವನ್ನೂ ಸ್ಥಳೀಯ ಸಮುದಾಯವೇ ಮಾಡಿತು, ಬಡಿಸಿತು, ಎಂಜಲೆಲೆ ಎತ್ತಿತು. ಕೈ ತೊಳೆಯುವ ಜಾಗದಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ಭಾಷಣಕಾರರನ್ನು ಹಿಡಿದುಕೊಂಡು, "ನಮ್ಮ ಹಳ್ಳಕ್ಕೆ ಒಂದು ಗಟ್ಟಿ ಕಾಲುಸಂಕ ಇಲ್ಲ ಸ್ವಾಮಿ. ಮಳೆಗಾಲ ಪೂರ್ತಿ ಮಕ್ಕಳು ಅಡಿಕೆ ದಬ್ಬೆ ಮೇಲೆ ದಾಟಿ ಶಾಲೆಗೆ ಹೋಗ್ತಾವೆ. ನೀವು ಬರೆಯೋರು, ಒಂದು ಮಾತು ಬರೀರಿ" ಎಂದರು. ಅವರು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದ್ದು ಇಷ್ಟು: "ಕಾಲುಸಂಕ! ಆಹಾ, ಎಂಥ ರೂಪಕ!"

ಇನ್ನು ಪ್ರಮಾಣ ವಿಚಾರ. ಮಲೆನಾಡನ್ನು ತಿಳಿಯಲು ಪ್ರತ್ಯಕ್ಷದ ಅಗತ್ಯವಿಲ್ಲ, ಉಪಮಾನವೊಂದೇ ಸಾಕೆಂಬುದು ಪ್ರವಾಸ ಸಾಹಿತ್ಯದ ಸಿದ್ಧಾಂತ. ಆಗುಂಬೆ ದಕ್ಷಿಣದ ಚಿರಾಪುಂಜಿ. ಕಿಗ್ಗದ ಮಂಜು ಥೇಟ್ ಮನಾಲಿ. ಮನಾಲಿಗೆ ಹೋದವರು ಅದನ್ನು ಸ್ವಿಜರ್‌ಲೆಂಡಿಗೆ ಹೋಲಿಸುತ್ತಾರೆ. ಸ್ವಿಜರ್‌ಲೆಂಡು ಯಾವುದರಂತೆ ಎಂದು ಕೇಳುತ್ತ ಹೋದರೆ ಅನವಸ್ಥಾ ದೋಷ. ನಮ್ಮೂರಿನ ಒಬ್ಬರು ಮಗಳ ಮನೆಗೆಂದು ಅಲ್ಲಿಗೆ ಹೋಗಿಬಂದು "ಎಂತ ಇಲ್ಲ, ನಮ್ಮ ಕಿಗ್ಗದ ಹಾಗೇ" ಎಂದಾಗ ಅನವಸ್ಥೆ ನೀಗಿ ಚಕ್ರಕ ದೋಷ ಉಂಟಾಯಿತು.

ಹಿಮಾಲಯದ ಹೋಲಿಕೆಯನ್ನಂತೂ ಯಾವ ಕರಪತ್ರವೂ ಬಿಟ್ಟಿಲ್ಲ. ವಯಸ್ಸಿನಲ್ಲಿ ಪಶ್ಚಿಮ ಘಟ್ಟ ಹಿಮಾಲಯಕ್ಕಿಂತ ಎಷ್ಟೋ ಹಿರಿದು. ನ್ಯಾಯವಾಗಿ ಅದನ್ನೇ ಉತ್ತರದ ಮಲೆನಾಡು ಎನ್ನಬೇಕಿತ್ತು. ಎತ್ತರದ ಮಾತು ಎತ್ತದಿರುವುದು ಕ್ಷೇಮ. ಇಡೀ ರಾಜ್ಯಕ್ಕೇ ಎತ್ತರವಾದ ನಮ್ಮ ಜಿಲ್ಲೆಯ ಮುಳ್ಳಯ್ಯನಗಿರಿ 1,930 ಮೀಟರು. ಉತ್ತರಾಖಂಡದ ಜೋಶಿಮಠದಲ್ಲಿ ಸುಮಾರು ಅಷ್ಟು ಎತ್ತರದಲ್ಲಿ ಜನ ತರಕಾರಿ ಕೊಳ್ಳುತ್ತಾರೆ. ಆದರೆ ಹೋಲಿಸಲೇಬೇಕೆಂದರೆ ಅದೇ ಜೋಶಿಮಠ ಇದೆಯಲ್ಲ! ಶಂಕರಾಚಾರ್ಯರು ನಾಲ್ಕು ದಿಕ್ಕಿಗೆ ಸ್ಥಾಪಿಸಿದರೆನ್ನುವ ಪೀಠಗಳಲ್ಲಿ ಉತ್ತರದ್ದು ಅಲ್ಲಿ, ದಕ್ಷಿಣದ್ದು ಇಲ್ಲಿ. 2023ರ ಜನವರಿಯಲ್ಲಿ ಆ ಊರಿನ ನೂರಾರು ಮನೆಗಳು ಬಿರುಕು ಬಿಟ್ಟು, ಜನ ಹಾಸಿಗೆ ಪಾತ್ರೆ ಹೊತ್ತುಕೊಂಡು ಹೊರಬಿದ್ದರು. 2019ರ ಆಗಸ್ಟಿನಲ್ಲಿ ನಮ್ಮದೇ ಜಿಲ್ಲೆಯ ಮೂಡಿಗೆರೆ ಕಡೆ ಗುಡ್ಡ ಜಾರಿ ಮನೆ, ತೋಟ ಕೊಚ್ಚಿಹೋದವು. ಈ ಸಾಮ್ಯವನ್ನು ಮಾತ್ರ ಯಾವ ಉಪಮಾನವಾದಿಯೂ ಗುರುತಿಸಿಲ್ಲ. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಹೆಸರಿಲ್ಲವಾಗಿರಬೇಕು.

ಅದ್ವೈತಿಗಳು ಒಪ್ಪುವ ಆರು ಪ್ರಮಾಣಗಳಲ್ಲಿ ಕೊನೆಯದು ಅನುಪಲಬ್ಧಿ. ಇಲ್ಲದ್ದನ್ನು ಇಲ್ಲವೆಂದು ತಿಳಿಯುವ ಬಗೆ. ನಮ್ಮಲ್ಲಿ ಇದರ ಉತ್ತಮ ಉದಾಹರಣೆ ನೆಟ್‌ವರ್ಕು. ಅತಿಥಿ ಮಹಾಶಯನಿಗೆ ಅದು ಇಲ್ಲದಿರುವುದು ಡಿಜಿಟಲ್ ಉಪವಾಸ, ಅಂತರಂಗದ ಮರುಶೋಧ. ಅದಕ್ಕೆಂದೇ ಹಣ ಕೊಟ್ಟಿರುತ್ತಾನೆ. ಕೊರೊನಾ ವರ್ಷಗಳಲ್ಲಿ ಇದೇ ಇಲ್ಲದಿರುವಿಕೆಯನ್ನು ನಮ್ಮ ಮಕ್ಕಳು ಗುಡ್ಡದ ನೆತ್ತಿಯಲ್ಲಿ, ಕೊಡೆ ಹಿಡಿದ ಅಪ್ಪನ ಪಕ್ಕ ಕೂತು ಆನ್‌ಲೈನ್ ಪಾಠ ಕೇಳುತ್ತ ಅಭ್ಯಾಸ ಮಾಡಿದರು. ಅವರಿಗೆ ಯಾರೂ ಹಣ ಕೊಡಲಿಲ್ಲ.

ವರ್ಗೀಕರಣವಿಲ್ಲದೆ ಪ್ರಬಂಧ ಶೋಭಿಸದು. ಮಲೆನಾಡಿಗೆ ಬರುವವರು ಮುಖ್ಯವಾಗಿ ದರ್ಶನಾರ್ಥಿ, ಜಲಾರ್ಥಿ, ಮೌನಾರ್ಥಿ, ಪ್ರಳಯಾರ್ಥಿ ಎಂದು ಚತುರ್ವಿಧರು. ದರ್ಶನಾರ್ಥಿ ಶಾರದಾಂಬೆಗೆ ಕೈಮುಗಿದು, ವಿದ್ಯಾಶಂಕರ ದೇವಾಲಯದ 12 ರಾಶಿಕಂಬಗಳಲ್ಲಿ ತನ್ನದು ಯಾವುದೆಂದು ಹುಡುಕಿ, ತುಂಗೆಯ ಮೀನಿಗೆ ಮಂಡಕ್ಕಿ ಎರಚಿ, ಮಠದ ಊಟ ಮುಗಿಸಿ ಹೊರನಾಡಿನ ಹಾದಿ ಹಿಡಿಯುತ್ತಾನೆ. ಇವನಿಂದ ಲೋಕಕ್ಕೆ ತೊಂದರೆಯಿಲ್ಲ. ಜಲಾರ್ಥಿ ಸಿರಿಮನೆ ಜಲಪಾತಕ್ಕೆ ಹೋಗುವವನು. ಇವನಲ್ಲಿ ಇಂಬಳಪೂರ್ವ, ಇಂಬಳೋತ್ತರ ಎಂದು ಎರಡು ಚಾರಿತ್ರಿಕ ಘಟ್ಟಗಳು. ಇಂಬಳೋತ್ತರ ಪ್ರಜ್ಞೆಯೊಳಗೆ ಮತ್ತೆ ಉಪ್ಪಿನವರು, ಸುಣ್ಣದವರು, ಬರೀ ಕಿರುಚುವವರು. ಒಂದು ಗುಟುಕು ರಕ್ತ ಕುಡಿದು ತಾನಾಗಿ ಉದುರಿಹೋಗುವ ಬಡಪಾಯಿ ಇಂಬಳಕ್ಕೆ ಇಷ್ಟು ಬೊಬ್ಬೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹೊತ್ತು ತಿರುಗುವ ಉಣುಗು ಕಣ್ಣಿಗೂ ಸರಿಯಾಗಿ ಕಾಣದು. ಅದು ಹತ್ತುವುದು ಬೇಸಿಗೆಯಲ್ಲಿ, ಕೊಟ್ಟಿಗೆಗೆ ದರಗು ಗುಡಿಸಲು ಕಾಡಿಗೆ ಹೋದ ಹೆಂಗಸರ ಕಾಲಿಗೆ. ಆಶಾ ಕಾರ್ಯಕರ್ತೆ ಮನೆ ಮನೆಗೆ ಎಣ್ಣೆಯ ಬಾಟಲಿ ಕೊಟ್ಟು ಹಚ್ಚಿಕೊಳ್ಳಿ ಎಂದು ಗೋಗರೆಯುತ್ತಾಳೆ. ಪ್ರವಾಸದ ಕರಪತ್ರದಲ್ಲಿ ಆ ಕಾಲಕ್ಕೆ ಚಾರಣದ ಸುಗ್ಗಿ ಎಂದು ಹೆಸರು.

ಮೌನಾರ್ಥಿಯು ಮೌನವನ್ನು ಕೇಳಲೆಂದು ಬ್ಲೂಟೂತ್ ಸ್ಪೀಕರ್ ತರುತ್ತಾನೆ. ಪ್ರಳಯಾರ್ಥಿ ಆಶ್ಲೇಷಾ ಮಳೆಗೆ ತುಂಗೆ ಏರಿ, ಕಪ್ಪೆ ಶಂಕರನ ಗುಡಿ ಮುಳುಗಿ, ಶೃಂಗೇರಿಯ ಗಾಂಧಿ ಮೈದಾನಕ್ಕೆ ನೀರು ನುಗ್ಗಿ, ಅಂಗಡಿಯವರು ಆಟಿಕೆ, ಬಳೆ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಓಡುವಾಗ ವಿಡಿಯೊ ಮಾಡುವವನು. ಇವರಲ್ಲಿ ಸಕುಟುಂಬಿ, ಅಕುಟುಂಬಿ, ಜೀಪಾರೂಢ, ಬುಲೆಟ್ಟಾರೂಢ ಎಂದು ಉಪಭೇದಗಳನ್ನು ಮಾಡಿ ಕೋಷ್ಟಕ ಹಾಕಬೇಕೆಂದಿದ್ದೆ. ಬೇಡ. ಯಾವ ಕೋಷ್ಟಕಕ್ಕೆ ಸೇರಿದವನಾದರೂ ಹಳ್ಳದ ಬಂಡೆಗೆ ಹೊಡೆದ ಬಿಯರ್ ಬಾಟಲಿಯ ಗಾಜು ಒಂದೇ. ಅದು ಮಳೆಗಾಲದಲ್ಲಿ ಕೆಳಗಿನ ಗದ್ದೆಗೆ ಬರುತ್ತದೆ. ಸಸಿ ನೆಡಲು ಕೆಸರಿಗೆ ಇಳಿದವಳ ಪಾದ ಎರಡಾಗುತ್ತದೆ. ಅವಳಿಗೆ ಹೊಲಿಗೆ ಹಾಕಿಸಲು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದವನಿಗೆ ಸಂಕಥನ ಗಿಂಕಥನ ಎಂದು ಹೇಳಲು ಬರಬೇಡಿ. ಒಂದು ಬಾಟಲಿಯನ್ನು ತಂದ ಕಾರಿನಲ್ಲೇ ವಾಪಸು ಒಯ್ಯಲಿಕ್ಕೆ ಎಷ್ಟು ತತ್ತ್ವಶಾಸ್ತ್ರ ಬೇಕು?

ಕ್ಷಮಿಸಿ, ಪ್ರಬಂಧಕ್ಕೆ ವಸ್ತುನಿಷ್ಠತೆ ಮುಖ್ಯ. ವಿಷಯಕ್ಕೆ, ಅಂದರೆ ಹಸಿರಿಗೆ, ಬರೋಣ.

ಪರಿಚಯದ ಮನೆಯೊಂದರ ಜಗಲಿಯಲ್ಲಿ ಅತಿಥಿ ದಂಪತಿ ಕಾಫಿ ಕುಡಿಯುತ್ತಿದ್ದರು. ಕೆಳಗೆ ತೋಟ. ಮರಗಳ ಸುಳಿಯೊಂದು ಬಿಟ್ಟು ಉಳಿದ ಸೋಗೆಯೆಲ್ಲ ತುದಿಯಿಂದ ಹಳದಿ ತಿರುಗಿ, ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. "ಗೋಲ್ಡನ್ ಪಾಮ್ಸ್! ಇದು ಯಾವ ತಳಿ ಅಂಕಲ್?" ಎಂದು ಆ ಹೆಣ್ಣುಮಗಳು ಕೇಳಿದಳು. ಯಜಮಾನರು ಒಂದು ಗಳಿಗೆ ತೋಟ ನೋಡಿದರು. "ನಮ್ಮ ಹಳೇ ತಳೀನೇ ಕಣಮ್ಮ" ಎಂದರು. "ಇನ್ನೊಂದು ಕಡುಬು ಹಾಕ್ಸ್ಲಾ?"

ಅದು ಹಳದಿ ಎಲೆ ರೋಗ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳಲ್ಲಿ ಅಡಿಕೆ ಬೆಳೆಗಾರರನ್ನು ದಶಕಗಳಿಂದ ತಿನ್ನುತ್ತಿದೆ. ಕಾರಣ ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ, ಒಂದು ಜಾತಿಯ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ದಾಟಿಸುತ್ತದೆ. ಮದ್ದಿಲ್ಲ. ಎಳೆ ಕಾಯಿ ಉದುರುತ್ತದೆ, ಉಳಿದ ಕಾಯಿಯ ಒಳಗೆ ಅಡಿಕೆ ಕಪ್ಪಾಗಿ ಮೆತ್ತಗಾಗುತ್ತದೆ, ವರ್ಷ ವರ್ಷಕ್ಕೂ ಮರದ ತಲೆ ಸಣ್ಣದಾಗುತ್ತದೆ. ಕೊಳೆರೋಗಕ್ಕಾದರೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೊ ಹೊಡೆದು ಜಯಿಸಬಹುದು. ಇದಕ್ಕೆ ಏನು ಹೊಡೆಯುವುದು? ಮೇಲಿಂದ ಈಗ ಎಲೆಚುಕ್ಕಿ ರೋಗ ಬೇರೆ. ತೋಟ ಹೋದ ಮನೆಯವರು ಭತ್ತ ತುಂಬುತ್ತಿದ್ದ ಕೋಣೆಗೆ ಟೈಲ್ಸ್ ಹಾಕಿಸಿ, ಗೀಸರ್ ಕೂರಿಸಿ, ಹೊರಗೊಂದು ಬೋರ್ಡು ನೇತುಹಾಕುತ್ತಾರೆ. ಪ್ರವಾಸೋದ್ಯಮದ ಅರ್ಥಶಾಸ್ತ್ರಜ್ಞರು ಇದನ್ನು ಗ್ರಾಮೀಣ ಉದ್ಯಮಶೀಲತೆಯ ಉಗಮ ಎಂದು ಬಣ್ಣಿಸಿದ್ದಾರೆ. ನಮ್ಮ ಕಡೆ ಎಷ್ಟೋ ಹೋಂಸ್ಟೇಗಳು ಹಳದಿ ಎಲೆಯ ಹೊಟ್ಟೆಯಲ್ಲಿ ಹುಟ್ಟಿದವು. ನೋಡಲು ಬಂದವರು ಆ ಹೊಟ್ಟೆಯನ್ನೇ ನೋಡಿ ಚೆಂದ ಎನ್ನುತ್ತಾರೆ.

ನರಸಿಂಹರಾಜಪುರದ್ದೂ ಇದೇ ಬಗೆಯ ದೃಷ್ಟಿದೋಷ. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಭೇಟಿಯಿತ್ತ ನೆನಪಿಗೆ ಎಡೆಹಳ್ಳಿ ತನ್ನ ಹೆಸರನ್ನೇ ಬಿಟ್ಟುಕೊಟ್ಟಿತು. ಅತಿಥಿ ಸತ್ಕಾರದಲ್ಲಿ ಇದನ್ನು ಮೀರಿಸುವುದು ಕಷ್ಟ. ಆಮೇಲೆ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟಾಗಿ, ಈ ತಾಲ್ಲೂಕು ತನ್ನ ಗದ್ದೆ, ಮನೆ, ದೇವರ ಬನಗಳನ್ನು ನೀರಿಗೆ ಬಿಟ್ಟುಕೊಟ್ಟಿತು. ಆ ನೀರು ದಾವಣಗೆರೆ ಬಯಲಿನಲ್ಲಿ ಭತ್ತವಾಯಿತು, ಒಳ್ಳೆಯದೇ. ಮುಳುಗಿದ ಜಾಗಕ್ಕೆ ಈಗ ಹಿನ್ನೀರು ಎನ್ನುತ್ತಾರೆ, ಅಲ್ಲಿ ಸೂರ್ಯಾಸ್ತ ಬಹಳ ಚೆನ್ನಾಗಿ ಬರುತ್ತದಂತೆ. ಸೂರ್ಯ ಮುಳುಗಿದ ಮೇಲೆ ಆನೆ ಬರುತ್ತದೆ. ಸಂಜೆ ಕೆಲಸ ಮುಗಿಸಿ ನಡೆದು ಬರುವ ಕೂಲಿಯವರು ಆನೆಗೆ ಸಿಕ್ಕಿ ಸತ್ತ ಸುದ್ದಿ ಜಿಲ್ಲಾ ಪುಟದಲ್ಲಿ ಬರುತ್ತದೆ. ಪ್ರವಾಸದ ಪುರವಣಿ ಬೇರೆ ಪುಟ.

ಕೊನೆಯದಾಗಿ ಐತಿಹಾಸಿಕ ಪರಿಪ್ರೇಕ್ಷ್ಯ. ಮಲೆನಾಡಿಗೆ ಮೊಟ್ಟಮೊದಲು ಬಂದ ಪ್ರವಾಸಿಗಳ ವೃತ್ತಾಂತ ಮಹಾಭಾರತದ ವನಪರ್ವದಲ್ಲಿದೆ. ಕಾಡಿನಲ್ಲಿ ವಿಭಾಂಡಕ ಮುನಿ, ಅವನಿಗೊಬ್ಬನೇ ಮಗ ಋಷ್ಯಶೃಂಗ. ಅಂಗದೇಶದಲ್ಲಿ ಬರ. ಅಲ್ಲಿಯ ರಾಜ ಕಳಿಸಿದ ಹೆಂಗಸರು ದೋಣಿಯಲ್ಲಿ ಬಂದು, ಅಪ್ಪ ಇಲ್ಲದ ಹೊತ್ತು ನೋಡಿ ಹುಡುಗನಿಗೆ ತಿಂಡಿ ಕೊಟ್ಟು, ಇದು ನಮ್ಮ ಕಡೆಯ ಹಣ್ಣು ಎಂದರು. ಹುಡುಗ ದೋಣಿ ಹತ್ತಿದ. ಅವನು ಕಾಲಿಟ್ಟ ಕೂಡಲೆ ನಗರದಲ್ಲಿ ಮಳೆ ಬಂತು. ರಾಜ ಮಗಳು ಶಾಂತೆಯನ್ನು ಕೊಟ್ಟು ಮದುವೆ ಮಾಡಿದ. ಕೆಂಡವಾಗಿ ಹೊರಟ ವಿಭಾಂಡಕನಿಗೆ ದಾರಿಯುದ್ದಕ್ಕೂ ದನಗಾಹಿಗಳು ಕೈಮುಗಿದು, ಈ ದನ, ಈ ಹೊಲ ಎಲ್ಲ ನಿಮ್ಮ ಮಗನದೇ ಎಂದರು. ಮುನಿಯ ಸಿಟ್ಟು ಇಳಿಯಿತು. ಮಗನ ಫ್ಲ್ಯಾಟು, ಕಾರು ನೋಡಿ ಬಂದ ನಮ್ಮ ಎಷ್ಟೋ ಅಪ್ಪಂದಿರ ಸಿಟ್ಟೂ ಹೀಗೆಯೇ ಇಳಿದಿದೆ.

ವಿಭಾಂಡಕ ಒಂದು ಷರತ್ತು ಹಾಕಿದ್ದ. ಒಂದು ಮಗುವಾದ ಮೇಲೆ ಕಾಡಿಗೆ ವಾಪಸು ಬರಬೇಕು. ಋಷ್ಯಶೃಂಗ ಬಂದ. ಕಿಗ್ಗದಲ್ಲಿ ಇಂದಿಗೂ ಇದ್ದಾನೆ. ಮಳೆ ಬರಲೆಂದೂ ಜನ ಅವನಿಗೆ ಪೂಜೆ ಕೊಡುತ್ತಾರೆ, ಸಾಕು ನಿಲ್ಲಲೆಂದೂ ಕೊಡುತ್ತಾರೆ. ವಿಭಾಂಡಕ ಶೃಂಗೇರಿ ಪೇಟೆ ನಡುವಿನ ಗುಡ್ಡದ ಮೇಲೆ ಮಲಹಾನಿಕರೇಶ್ವರನಲ್ಲಿ ಐಕ್ಯನಾದನೆಂದು ಪ್ರತೀತಿ. ಅಪ್ಪ ಮಗ ಒಂದೇ ತಾಲ್ಲೂಕಿನಲ್ಲಿ ಇದ್ದಾರೆ ಎಂಬುದೇ ಈಗ ದೊಡ್ಡ ಪವಾಡ. ಅಂಥ ಷರತ್ತು ಹಾಕುವ ಸ್ಥಿತಿಯಲ್ಲಿ ಇಂದು ಯಾವ ಅಪ್ಪನೂ ಇಲ್ಲ. ಬಾ ಎಂದರೆ ಯಾವುದಕ್ಕೆ ಬರಬೇಕು? ಹಳದಿ ಸೋಗೆಗೋ, ಕೊನೆ ತೆಗೆಯಲು ಜನ ಸಿಗದ ತೋಟಕ್ಕೋ? ಮಗನೂ ಶುಕ್ರವಾರ ರಾತ್ರಿಯೇ ಹೊರಟು ಬರುತ್ತಾನೆ, ಜಗಲಿಯ ಫೋಟೊ ತೆಗೆಯುತ್ತಾನೆ, ಹೋಗುವಾಗ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಕಟ್ಟಿಸಿಕೊಳ್ಳುತ್ತಾನೆ. ಶಾಸ್ತ್ರದ ಪ್ರಕಾರ ಇವನು ಯಾವ ವರ್ಗಕ್ಕೆ ಸೇರುತ್ತಾನೆಂದು ನಾನು ತೀರ್ಮಾನಿಸಿಲ್ಲ. ಅವನ ತಾಯಿ ತೀರ್ಮಾನಿಸಿದ ಹಾಗಿದೆ. ಮೊನ್ನೆ ಅಂಗಳದ ಮೂಲೆಯಲ್ಲಿ, ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ ನಿಂತು ಫೋನಿಗೆ ಕೂಗುತ್ತಿದ್ದರು: "ಅಪ್ಪಿ, ದೀಪಾವಳಿಗೆ ಬರೋದಾದ್ರೆ ಈಗ್ಲೇ ಹೇಳು ಮಾರಾಯ. ಆಮೇಲೆ ರೂಮು ಬುಕ್ ಆಗಿಬಿಡ್ತದೆ."