ಗೇಟು ತೆಗೆದ್ರಂತೆ!

ಹಳಿ ರಿಪೇರಿಗೆಂದು ಮುಚ್ಚಿದ್ದ ನಮ್ಮೂರ ರೈಲ್ವೆ ಗೇಟು ಸೋಮವಾರ ಮತ್ತೆ ತೆರೆಯಿತು. ಅಷ್ಟು ದಿನ ಊರೆಲ್ಲ ಸುತ್ತಿ, ಅಂಡರ್‌ಪಾಸಿನ ಕೆಸರಲ್ಲಿ ಪ್ಯಾಂಟು ಮಡಚಿಕೊಂಡು ದಾಟುತ್ತಿದ್ದ ನಾನು ಬೆಳಿಗ್ಗೆಯೇ ಸ್ಕೂಟರ್ ಒರೆಸಿ ಹೊರಟೆ. ಹೋಗಿ ನೋಡಿದರೆ ಗೇಟು ಹಾಕಿದೆ! ಗೂಡ್ಸ್ ಬರಬೇಕಂತೆ.

"ಒಂಚೂರು ಎತ್ತಣ್ಣ, ನುಸುಳಿಬಿಡ್ತೀನಿ" ಎಂದೆ.

"ಗೇಟು ಹಾಕದೆ ಸಿಗ್ನಲ್ ಹಸಿರಾಗಲ್ಲ, ಗಾಡಿ ದಾಟದೆ ಗೇಟು ಏಳಲ್ಲ ಸಾರ್. ನೀವೇ ಎತ್ತಿದ್ರೆ ಮೂರು ವರ್ಷದ ತನಕ ಜೈಲು" ಎಂದ ಗೇಟ್‌ಮ್ಯಾನ್.

1989ರ ರೈಲ್ವೆ ಕಾಯ್ದೆಯೂ ಹಾಗೇ ಹೇಳುತ್ತದೆ, ಗೇಟು ಮುರಿದರೆ 5 ವರ್ಷದ ತನಕ. ಕಡಲೆಕಾಯಿ ಕೊಂಡು ಸುಮ್ಮನಾದೆ.

ಗೂಡ್ಸ್ ಹೋಯಿತು. 58 ಡಬ್ಬಿ, ನಾನೇ ಎಣಿಸಿದ್ದು. ಗೇಟು ಎದ್ದಾಗ ಈಚೆಯವರು ರಸ್ತೆಯ ಅಷ್ಟಗಲಕ್ಕೂ ನಿಂತಿದ್ದೆವು, ಆಚೆಯವರೂ ಹಾಗೆಯೇ. ಅಖಾಡಕ್ಕಿಳಿದ ಜಟ್ಟಿಗಳ ಹಾಗೆ ಹಳಿಯ ಮೇಲೆ ಮುಖಾಮುಖಿ. ಟೊಮೆಟೊ ತುಂಬಿದ ಲಗೇಜ್ ಆಟೊ ಹಿಂದೆ ಸರಿಯದು, ಕಾಲೇಜು ಬಸ್ಸು ಮುಂದೆ ಬಾರದು. ಹಾರ್ನು ಮಾತ್ರ ಎಲ್ಲರದೂ ಸುಸ್ಥಿತಿಯಲ್ಲಿತ್ತು. ಅಷ್ಟರಲ್ಲಿ ಮತ್ತೆ ಗಂಟೆ ಬಾರಿಸಿತು.

ಸ್ವಾಮಿ, ನಾಳೆಯಿಂದ ದಯವಿಟ್ಟು ಎಡಗಡೆಯೇ ನಿಲ್ಲಿ. ನನ್ನ ಮುಂದಿನವರು ನಿಂತರೆ ನಾನೂ ನಿಲ್ಲುತ್ತೇನೆ.