ಮಿಡಿಪಾದ ಮೀಮಾಂಸೆ

ಇನ್ನು ಪಾದವಿಚಾರ. ಎರಡೂ ಕೈ ಗಿಟಾರಿನಲ್ಲಿ ಸಿಕ್ಕಿಕೊಂಡಿರುವ ಮನುಷ್ಯ ತನ್ನ ವಾದನವನ್ನು ತಾನೇ ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳಬೇಕಾದರೆ ರೆಕಾರ್ಡ್ ಗುಂಡಿಯನ್ನು ಯಾವ ಅಂಗದಿಂದ ಒತ್ತಬೇಕು ಎಂಬುದೇ ಈ ಶಾಸ್ತ್ರದ ಮೂಲಪ್ರಶ್ನೆ. ಮೂಗಿನಿಂದ ಒತ್ತಬಹುದೆಂಬ ಮತವೊಂದುಂಟು. ಪ್ರಸ್ತುತ ಲೇಖಕ ಅದನ್ನು ಸ್ವತಃ ಪರೀಕ್ಷಿಸಿ, ಕನ್ನಡಕ ಅಡ್ಡಬಂದ ಕಾರಣ ಖಂಡಿಸಿದ್ದಾನೆ. ಉಳಿದದ್ದು ಕಾಲು; ಕಾಲಿನ ತುಳಿತವನ್ನು ಕಂಪ್ಯೂಟರಿಗೆ ಮುಟ್ಟಿಸುವುದು ಮಿಡಿ.

ಮೊದಲು ನಿರುಕ್ತ. 'ಮಿಡಿ' ಎಂದರೆ ತಂತಿ ಮಿಡಿಯುವುದು ಎಂದು ಒಂದು ಪಕ್ಷ, ಮಾವಿನ ಮಿಡಿ ಎಂದು ಇನ್ನೊಂದು. ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್ ಎಂಬುದರ ತಲೆಯಕ್ಷರಗಳು ಕೂಡಿ ಮಿಡಿಯಾಯಿತು ಎನ್ನುವ ಆಧುನಿಕರನ್ನು ಸದ್ಯಕ್ಕೆ ಜಗಲಿಯಲ್ಲಿ ಕೂರಿಸೋಣ. ತಂತಿಪಕ್ಷ ನಿಲ್ಲುವುದಿಲ್ಲ. ಏಕೆಂದರೆ ಮಿಡಿ ಕೇಬಲಿನೊಳಗೆ ನಾದ ಹರಿಯುವುದೇ ಇಲ್ಲ. 'ಈ ಗುಂಡಿ ಒತ್ತಿದರು', 'ಆ ಹಲಗೆ ಇಷ್ಟು ಬಾಗಿತು' ಎಂಬ ವರದಿಯಷ್ಟೇ ಹರಿಯುತ್ತದೆ. ಅಪ್ಪೆಮಿಡಿಯಲ್ಲೂ ಹಣ್ಣಿಲ್ಲ, ಹಣ್ಣಿನ ಸೂಚನೆ ಮಾತ್ರ. ಆದ್ದರಿಂದ ಉಪ್ಪಿನಕಾಯಿ ಪಕ್ಷವೇ ಸಿದ್ಧಾಂತ.

ಚರಿತ್ರೆ ಚಿಕ್ಕದು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನ್ಯಾಮ್ ವಾದ್ಯಮೇಳದಲ್ಲಿ ಅಮೆರಿಕದ ಪ್ರಾಫೆಟ್-600 ಮತ್ತು ಜಪಾನಿನ ಜುಪಿಟರ್-6 ಎಂಬ ಎರಡು ಸಿಂಥಸೈಜರುಗಳಿಗೆ ಕೇಬಲ್ ಹಾಕಿ, ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದನ್ನು ತೋರಿಸಿದರು. ಅದರ ಹಿಂದಿದ್ದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರಿಗೆ ಟೆಕ್ನಿಕಲ್ ಗ್ರ್ಯಾಮಿ ಬಂದದ್ದು 2013ರಲ್ಲಿ. ಮೂವತ್ತು ವರ್ಷ ಕಾದರೆ ನಮ್ಮಲ್ಲೂ ಪ್ರಶಸ್ತಿ ಬರುತ್ತದೆ. ಕಾಲಿನ ಚರಿತ್ರೆ ಇದಕ್ಕಿಂತ ಹಿಂದಿನದು. ಕಂಪನಿ ನಾಟಕದ ಕಾಲು ಹಾರ್ಮೋನಿಯಂ ನೆನೆಯಿರಿ. ರಾತ್ರಿಯಿಡೀ ಗಾಳಿ ಹೊಡೆದದ್ದು ಕಾಲು, ಚಪ್ಪಾಳೆ ಹೋದದ್ದು ಕೈಗೆ.

ಈಗ ಜೋಡಣೆ. ಪ್ರಸ್ತುತ ಲೇಖಕನ ಬಳಿ ಇರುವುದು ಹತ್ತು ಗುಂಡಿ, ಎರಡು ತುಳಿಹಲಗೆಗಳ ಒಂದು ಕಬ್ಬಿಣದ ಮಿಡಿ ಪೀಠ. ಇದರ 'ಔಟ್' ತೂತಿನಿಂದ ಹೊರಟ ಕೇಬಲ್ ಕಂಪ್ಯೂಟರಿನ ಕಡೆಯ ಪೆಟ್ಟಿಗೆಯ 'ಇನ್' ತೂತನ್ನೇ ಸೇರಬೇಕು. ಔಟ್‌ಗೆ ಔಟ್ ಕೂಡಿಸುವುದು ಸಗೋತ್ರ ವಿವಾಹ, ಸಂತಾನವಾಗುವುದಿಲ್ಲ. ಕೇಬಲಿನ ತುದಿಯಲ್ಲಿ ಐದು ಕಡ್ಡಿಗಳಿದ್ದರೂ ದುಡಿಯುವವು ಮೂರೇ. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಪೀಠವು ಕಳಿಸುವ ವರದಿಯಲ್ಲಿ ಮೂರು ಸಂಗತಿಗಳಿರುತ್ತವೆ: ಹದಿನಾರು ಚಾನೆಲ್‌ಗಳಲ್ಲಿ ಯಾವುದು, ಯಾವ ಕಂಟ್ರೋಲ್ ಸಂಖ್ಯೆ, ಮತ್ತು 0ಯಿಂದ 127ರೊಳಗೆ ಎಷ್ಟು ಬೆಲೆ. ಸಂಖ್ಯೆಗಳಲ್ಲಿ 7 ವಾಲ್ಯೂಮಿನದು, 11 ಎಕ್ಸ್‌ಪ್ರೆಶನ್ನಿನದು, 64 ಪಿಯಾನೊ ನುಡಿಸುವವರ ಸಸ್ಟೇನ್ ಪೆಡಲಿನದು. ಇವಕ್ಕೆಲ್ಲ ಖಾತೆಯಾಗಿದೆ. ಆದರೆ 20ರಿಂದ 31ರವರೆಗಿನದು ಯಾರ ಹೆಸರಿಗೂ ಬರೆಯದ ಗೋಮಾಳ. ಅದರಲ್ಲಿ 20ನ್ನು ಪ್ರಸ್ತುತ ಲೇಖಕ ಕಾಲಿನಿಂದಲೇ ಒತ್ತುವರಿ ಮಾಡಿದ್ದಾನೆ.

ಇಲ್ಲಿಂದ ಮುಂದೆ ಮತಭೇದ. ಎಣಿಕೆಯನ್ನು ಸೊನ್ನೆಯಿಂದ ತೊಡಗುವ ಯಂತ್ರಗಳು ಶೂನ್ಯವಾದಿಗಳು, ಒಂದರಿಂದ ತೊಡಗುವವು ಏಕವಾದಿಗಳು. ಈ ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಯಂತ್ರದಲ್ಲಿ ಉಳಿಸಿಟ್ಟ ಒಂದನೇ ಸ್ವರವ್ಯವಸ್ಥೆಯನ್ನು ಕರೆದಾಗ ಎರಡನೆಯದು ಎದ್ದು ಬರುತ್ತದೆ. ಇನ್ನೂ ಘೋರವಾದದ್ದು ಗುಂಡಿಗಳ ಜಗಳ. ತುಳಿದಾಗ 127, ಬಿಟ್ಟಾಗ 0 ಕಳಿಸುವ ಗುಂಡಿ ಕ್ಷಣಿಕವಾದಿ. ಒಂದು ತುಳಿತಕ್ಕೆ 127, ಮುಂದಿನ ತುಳಿತಕ್ಕೆ 0 ಎಂದು ಹಟ ಹಿಡಿಯುವುದು ನಿತ್ಯವಾದಿ. ಲೇಖಕನ ಗುಂಡಿ ನಿತ್ಯವಾದಿಯಾಗಿತ್ತು. ಧ್ವನಿ ಮುದ್ರಿಸುವ ರೀಪರ್ ತಂತ್ರಾಂಶ 0 ಬಂದಾಗ ಅಲುಗುವುದಿಲ್ಲ. ಹೀಗಾಗಿ ಎರಡು ಸಲ ತುಳಿದರೆ ಒಂದು ಸಲ ಫಲ. ಗುಂಡಿಯನ್ನು ಕ್ಷಣಿಕವಾದಕ್ಕೆ ಮತಾಂತರಿಸಿದ ಮೇಲೆ ಕಾಲಿಗೆ ನೆಮ್ಮದಿ.

ಈ ಮತಾಂತರ ನಡೆಯುವುದು ನೆಲದ ಮೇಲೆ. ಕಾಲಿಗೆ ವಿದ್ಯೆ ಬರಬೇಕಾದರೆ ಕೈಗಳು, ಮೊಣಕಾಲು, ಕೊನೆಗೆ ಹಣೆಯೂ ಪೀಠದ ಬಳಿಗೆ ಇಳಿಯಬೇಕು. ಲೇಖಕನನ್ನು ಆ ಭಂಗಿಯಲ್ಲಿ ಕಂಡ ಅವನ ತಾಯಿ, "ಉಂಗುರ ಬಿದ್ದೋಯ್ತೇನೋ?" ಎಂದು ತಾವೂ ಹುಡುಕತೊಡಗಿದ್ದು ಈ ಸಂಶೋಧನೆಯ ಉಪಫಲ.

ರೀಪರಿನಲ್ಲಿ ಆಕ್ಷನ್ಸ್ ಪಟ್ಟಿ ತೆರೆದು, ರೆಕಾರ್ಡ್ ಎಂಬುದನ್ನು ಆರಿಸಿ, ಶಾರ್ಟ್‌ಕಟ್ ಸೇರಿಸುವ ಕಿಟಕಿ ಎದುರಾದಾಗ ಗುಂಡಿ ತುಳಿದರೆ ಸಾಕು. ತುಳಿದ. ಏನೂ ಆಗಲಿಲ್ಲ. ಮೂರು ಸಂಜೆ ತುಳಿದ. ಒಂದು ಮಿಡಿ ವರದಿ ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ, ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಕೇಬಲ್ ದಾಟುತ್ತದೆ. ಆದ್ದರಿಂದ ಉಳಿದ ತಡವೆಲ್ಲ ಲೇಖಕನದೇ. ಪ್ರಿಫರೆನ್ಸಸ್‌ನ ಮಿಡಿ ಸಾಧನಗಳ ಪಟ್ಟಿಯಲ್ಲಿ ಪೀಠದ ಹೆಸರಿನ ಎದುರು, ನಿಯಂತ್ರಣ ಸಂದೇಶಗಳಿಗೂ ಒಪ್ಪಿಗೆ ಕೊಡುವ ಇನ್ನೊಂದು ಗುರುತು ಇದೆ. ಅದನ್ನು ಹಾಕಿರಲಿಲ್ಲ. ಸ್ವರಕ್ಕೆ ಬಾಗಿಲು ತೆರೆದಿತ್ತು, ಅಪ್ಪಣೆಗೆ ಚಿಲಕ.

ಗುರುತು ಹಾಕಿ ತುಳಿದಾಗ ರೆಕಾರ್ಡಿನ ಕೆಂಪು ಗುರುತು ಹೊತ್ತಿತು. ಮೈಕಿನ ಮುಂದೆ ಗಿಟಾರ್ ನುಡಿಸಿ, ಮತ್ತೆ ತುಳಿದು ನಿಲ್ಲಿಸಿದ್ದಾಯಿತು. ಮರಳಿ ಕೇಳಿದರೆ ಆರಂಭದಲ್ಲಿ ಕಾಲೆತ್ತಿದ 'ಟಕ್', ಅಂತ್ಯದಲ್ಲಿ ತುಳಿದ 'ಟಪ್', ಎರಡೂ ಗಿಟಾರಿಗಿಂತ ಸ್ಪಷ್ಟವಾಗಿವೆ. ಮಿಡಿಯಲ್ಲಿ ನಾದವಿಲ್ಲ ಎಂದು ಎರಡನೇ ಪ್ಯಾರಾದಲ್ಲಿ ಸಾಧಿಸಿದ್ದನ್ನು ಓದುಗರು ದಯವಿಟ್ಟು ತಿದ್ದಿಕೊಂಡು ಓದಬೇಕು.