ಸಂಚಿಗೂ ಒಂದು ಯೋಗ್ಯತೆ ಬೇಕು

ಕಲಾಸಿಪಾಳ್ಯದಲ್ಲಿ ಬಡವನಿಗೆ ಹೃದಯಾಘಾತ ಆಗುವುದಿಲ್ಲ, ಗ್ಯಾಸ್ಟ್ರಿಕ್ ಆಗುತ್ತದೆ. ಬೆಳಗಿನ ಜಾವ ತರಕಾರಿ ಮಂಡಿಯಲ್ಲಿ ಕೋಸಿನ ಮೂಟೆ ಹೊತ್ತ ಹಮಾಲಿ ಎದೆ ಹಿಡಿದುಕೊಂಡು ಕೂತರೆ ಸುತ್ತ ನಿಂತವರು ಸೋಡಾ ತರಿಸುತ್ತಾರೆ. ಸೋಡಾ ಕುಡಿದು ಎದ್ದರೆ ಗ್ಯಾಸ್ಟ್ರಿಕ್, ಏಳದಿದ್ದರೆ ‘ಪಾಪ, ಹಾರ್ಟು’. ಆಟೋದಲ್ಲಿ ಹಾಕಿಕೊಂಡು ಪಕ್ಕದ ವಿಕ್ಟೋರಿಯಾ ಆಸ್ಪತ್ರೆಗೆ ಹೋದರೆ ಅಲ್ಲಿಗೆ ಫೈಲ್ ಕ್ಲೋಸ್. ಸೋಡಾದಲ್ಲಿ ಏನು ಬೆರೆಸಿದ್ದರು, ಹಿಂದಿನ ರಾತ್ರಿ ಯಾರ ಫೋನ್ ಬಂದಿತ್ತು, ಹೋಗಲಿ, ಆ ಮೂಟೆ ಅಷ್ಟು ಭಾರ ಯಾಕಿತ್ತು ಎಂದು ಒಬ್ಬ ನರಪಿಳ್ಳೆಯೂ ಕೇಳುವುದಿಲ್ಲ.

ಅದೇ ಮಂಡಿಯ ಎದುರಿನ ಟೀ ಅಂಗಡಿಗೆ ಹೋಗಿ, ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡರು ಎಂದು ಹೇಳಿ ನೋಡಿ. ಗ್ಲಾಸು ಕೆಳಗಿಟ್ಟು, ದನಿ ತಗ್ಗಿಸಿ, ಒಬ್ಬ ಹತ್ತಿರ ಬರುತ್ತಾನೆ.

“ಅದು ಹೊರಗಡೆಗೆ ಹೇಳೋದು ಗುರೂ. ಒಳಗಿನ ಮ್ಯಾಟರ್ರೇ ಬೇರೆ.”

ಒಳಗಿನ ಮ್ಯಾಟರ್ ಇವನಿಗೆ ಹೇಗೆ ಗೊತ್ತು? ಇವನ ಭಾಮೈದನ ಸ್ನೇಹಿತ ಗಾಂಧಿನಗರದಲ್ಲಿ ಲೈಟ್‌ಬಾಯ್. ಬೆಂಗಳೂರಿನಲ್ಲಿ ಇಂಥ ಭಾಮೈದ ಇಲ್ಲದ ಮನೆ ಸಿಗುವುದು ಕಷ್ಟ. ಅಂದು ಜಿಮ್ಮನ್ನು ದೂರಿದವರುಂಟು, ಲಸಿಕೆಯನ್ನು ದೂರಿದವರುಂಟು, ದೂರಲು ಇನ್ನೇನೂ ಉಳಿಯದಿದ್ದಾಗ ಕುಟುಂಬದ ವೈದ್ಯರನ್ನೇ ಹಿಡಿದುಕೊಂಡರು. ಕೊನೆಗೆ ಆ ವೈದ್ಯರ ಮನೆಗೂ ಕ್ಲಿನಿಕ್ಕಿಗೂ ಪೊಲೀಸ್ ಕಾವಲು ಹಾಕಬೇಕಾಯಿತು. ಡಾಕ್ಟರಿಗೆ ರಕ್ಷಣೆ ಕೊಡಿ ಎಂದು ಖಾಸಗಿ ಆಸ್ಪತ್ರೆಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಇತ್ತ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ‘ನಮ್ಮದೊಂದು ಸಲ ನೋಡಿಬಿಡಿ’ ಎಂದು ಜನ ಸಾಲು ನಿಂತರು. ಸಾವು ಸಂಚಿನಿಂದಲೇ ಬಂತು ಎಂದು ವಾದಿಸಿದವರೂ ಆ ಸಾಲಿನಲ್ಲಿದ್ದರು ಎಂದು ನನ್ನ ಅನುಮಾನ. ಅನುಮಾನಪಡಲು ನನಗೊಬ್ಬನಿಗೆ ಹಕ್ಕಿಲ್ಲವೇ?

ವಿಷಯ ಇಷ್ಟೆ. ಸಂಚು ಎಂಬುದು ನಮ್ಮಲ್ಲಿ ಒಂದು ಮರ್ಯಾದೆ. ದೊಡ್ಡವರಿಗೆ ಹಾಕುವ ಶಾಲು, ಹಾರ, ಪೇಟದ ಜೊತೆಗೆ ಕೊಡುವ ನಾಲ್ಕನೆಯ ವಸ್ತು. ನಮ್ಮ ನೆಚ್ಚಿನ ನಟ ನಮ್ಮ ಹಾಗೆ ರಕ್ತನಾಳ ಕಟ್ಟಿಕೊಂಡು ಸಾಯುವುದೆಂದರೇನು? 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್‌ನಾಗ್ ಕಾರು ಅಪಘಾತದಲ್ಲಿ ತೀರಿಕೊಂಡರು. ಅದೇ ಹೆದ್ದಾರಿಯಲ್ಲಿ ಆ ವರ್ಷ ಸತ್ತ ಲಾರಿ ಕ್ಲೀನರುಗಳು ಬರೀ ಆಕ್ಸಿಡೆಂಟಿನಲ್ಲೇ ಸತ್ತರು. ಶಂಕರ್‌ನಾಗ್‌ಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ. ಅವರಿಗೆ ಥಿಯರಿ ಸಿಕ್ಕಿತು.

ಸಿನಿಮಾ ಮಾತಾಡುವ ವಿಚಾರದಲ್ಲಿ ಕಲಾಸಿಪಾಳ್ಯದ ಈ ಏರಿಯಾಕ್ಕೆ ಹಿರಿತನ ಇದೆ, ಅದನ್ನು ಒಪ್ಪಬೇಕು. ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆ ಕಂಡದ್ದು ಇಲ್ಲೇ, ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್‌ನಲ್ಲಿ. ಪರದೆ ಕನ್ನಡ ಮಾತಾಡಿದ್ದನ್ನು ಕೇಳಿ ಅಂದು ಜನ ಮೂಕರಾದರಂತೆ. ಆಮೇಲೆ ಆಗಿಲ್ಲ.

ಕನ್ನಡದ ಸಂಚುಗಳಿಗೆಲ್ಲ ಮೂಲಪುರುಷ ಅಂದರೆ ‘ಗಂಧದ ಗುಡಿ’ಯ ಬಂದೂಕು. 1973ರ ಚಿತ್ರ; ಎಂ.ಪಿ. ಶಂಕರ್ ನಿರ್ಮಾಣ, ವಿಜಯ್ ನಿರ್ದೇಶನ. ಒಂದು ವರ್ಷದ ಹಿಂದಷ್ಟೇ ‘ನಾಗರಹಾವು’ ಬಂದು ವಿಷ್ಣುವರ್ಧನ್ ಮನೆಮಾತಾಗಿದ್ದರು. ಚಿತ್ರೀಕರಣದಲ್ಲಿ ರಾಜ್‌ಕುಮಾರ್ ಕಡೆಗೆ ಅವರು ಹಿಡಿದ ಬಂದೂಕಿನಲ್ಲಿ ನಿಜವಾದ ಗುಂಡು ಇತ್ತು ಎಂದು ಯಾರೋ ಊದಿದರು. ಅಂದಿನಿಂದ ಅದು ನಿಂತಿಲ್ಲ. ಖಾಸಗಿ ಬಸ್ಸಿನ ಬುಕಿಂಗ್ ಏಜೆಂಟರೊಬ್ಬರು ಈ ಟೀ ಅಂಗಡಿಯಲ್ಲಿ ಅದನ್ನು ಪ್ರಾತ್ಯಕ್ಷಿಕೆ ಸಮೇತ ವಿವರಿಸುತ್ತಾರೆ. ಉದ್ದನೆಯ ಬೆಂಡೆಕಾಯಿ ಬಂದೂಕು. ಖಾಲಿ ಗ್ಲಾಸು ಅಣ್ಣಾವ್ರು. ಅರ್ಧ ತುಂಬಿದ ಗ್ಲಾಸು ವಿಷ್ಣು. ನಿರ್ದೇಶಕ ಅಂದರೆ ಬೆಂಕಿಪೊಟ್ಟಣ. “ನೋಡಿ ಸಾರ್, ಕ್ಯಾಮೆರಾ ಇಲ್ಲಿ. ಇಲ್ಲಿಂದ ಹಿಂಗ್ ತಿರುಗಿದ್ರು. ಮಾರ್ಕಿಗಿಂತ ಎರಡಿಂಚು ಆಚೆ.” ಬೆಂಡೆಕಾಯಿ ತಿರುಗಿದ ಕಡೆ ಕೂತಿದ್ದ ಗಿರಾಕಿ ತಲೆ ತಗ್ಗಿಸಿದ.

“ಅಣ್ಣಾ, ಆಗ ನೀವು ಹುಟ್ಟಿದ್ರಾ?”

“ಇಲ್ಲಪ್ಪ. ನಮ್ಮಪ್ಪ ಇದ್ರು.”

“ಶೂಟಿಂಗ್‌ನಲ್ಲಾ?”

“ಅಲ್ಲ, ಹುಟ್ಟಿದ್ರು.”

ಇಷ್ಟು ಸಾಕ್ಷಿ ಸಾಕಾಯಿತು. ಅವರಿಬ್ಬರೂ ಮತ್ತೆ ಒಂದೇ ಚಿತ್ರದಲ್ಲಿ ನಟಿಸಲಿಲ್ಲ. ನಟಿಸದಿದ್ದದ್ದೂ ಗುಂಡಿಗೆ ಪುರಾವೆಯಾಯಿತು. ನಟಿಸಿದ್ದರೆ ‘ಮುಚ್ಚಿಹಾಕೋಕೆ ಮಾಡಿದ್ದು’ ಎನ್ನುತ್ತಿದ್ದರು. ರಾಜ್‌ಕುಮಾರ್ 2006ರಲ್ಲಿ ಹೋದರು, ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಹೋದರು. ಹೊಡೆದರು ಎನ್ನಲಾದವರಿಲ್ಲ, ಹೊಡೆತ ತಪ್ಪಿತು ಎನ್ನಲಾದವರಿಲ್ಲ, ಗುಂಡು ಮಾತ್ರ ಇನ್ನೂ ಗಾಳಿಯಲ್ಲಿದೆ. ಈಗ ಯೂಟ್ಯೂಬಿನಲ್ಲಿ ಕೆಂಪು ಬಾಣದ ಗುರುತು ಹಾಕಿಸಿಕೊಂಡು ಓಡಾಡುತ್ತಿದೆ. ಒಬ್ಬ ಕಲಾವಿದ ಮೂರೂವರೆ ದಶಕ ಅದನ್ನು ಹೊತ್ತು ಬದುಕಬೇಕಾಯಿತು ಎಂಬ ಭಾಗಕ್ಕೆ ಬಾಣ ಹಾಕಿದ ವಿಡಿಯೊ ನನ್ನ ಕಣ್ಣಿಗೆ ಬಿದ್ದಿಲ್ಲ.

ಎಲ್ಲವೂ ಗಾಳಿಸುದ್ದಿ ಎಂದು ತಳ್ಳಿಹಾಕೋಣ ಎಂದರೆ ಮಧ್ಯೆ ವೀರಪ್ಪನ್ ಬಂದು ಕೂರುತ್ತಾನೆ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋದ. ಬಿಟ್ಟದ್ದು ನವೆಂಬರ್ 15ರಂದು. ದುಡ್ಡು ಕೈ ಬದಲಾಯಿತು ಎಂದು ಅಂದೇ ಈ ಬೀದಿ ಹೇಳಿತು. ಆಮೇಲೆ, ಅಪಹರಣದ ಕಾಲದಲ್ಲಿ ರಾಜ್ಯದ ಪೊಲೀಸ್ ಮುಖ್ಯಸ್ಥರಾಗಿದ್ದ ಸಿ. ದಿನಕರ್ ಅವರೇ ಹಣ ಸಂದಾಯವಾಯಿತು ಎಂದು ಪುಸ್ತಕ ಬರೆದರು. ಆದರೆ ಟೀ ಅಂಗಡಿಗೆ ಆ ಪುಸ್ತಕ ರುಚಿಸಲಿಲ್ಲ. ಡಿಜಿಪಿಯೇ ಬರೆದ ಮೇಲೆ ಅದರಲ್ಲಿ ಒಳಗಿನ ಮ್ಯಾಟರ್ ಏನು ಉಳಿಯಿತು? ಇಲ್ಲಿಯವರಿಗೆ ಬೇಕಾದದ್ದು ಸೆರೆ 108 ದಿನ ಇದ್ದದ್ದು ಯಾಕೆ ಎಂಬುದು. ಅಷ್ಟೋತ್ತರಕ್ಕೆ ಸರಿಯಾಗಿ! ಕಾಡುಗಳ್ಳ ಪಂಚಾಂಗ ನೋಡಿ ಬಿಡುಗಡೆ ಮಾಡಿದ ಎಂದು ನಂಬುವುದು, ಎರಡು ಸರ್ಕಾರಗಳು ಕಾಡಿನ ಮುಂದೆ ಕೈಕಟ್ಟಿ ನಿಂತವು ಎಂದು ಒಪ್ಪುವುದಕ್ಕಿಂತ ಎಷ್ಟೋ ಹಿತ.

ರಾಜಕಾರಣಿಗಳು ಸಂಚಿನ ಮರ್ಯಾದೆಯನ್ನು ಇನ್ನೊಬ್ಬರು ಕೊಡಲಿ ಎಂದು ಕಾಯುವುದಿಲ್ಲ, ತಾವೇ ತೆಗೆದುಕೊಳ್ಳುತ್ತಾರೆ. 2011ರಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರೂ ಕುಮಾರಸ್ವಾಮಿಯವರೂ ಆಣೆ ಪ್ರಮಾಣಕ್ಕೆ ಸವಾಲು ಹಾಕಿಕೊಂಡು ಜೂನ್ 27ಕ್ಕೆ ಧರ್ಮಸ್ಥಳಕ್ಕೆ ಹೋದರು. ದರ್ಶನವಾಯಿತು, ಆಣೆ ಆಗಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಗಣಿ ವರದಿ ಸಲ್ಲಿಸಿದರು, ಸರ್ಕಾರದ ತಲೆ ಉರುಳಿತು. ಇವತ್ತು ಕೇಳಿ: ಆಣೆಯ ಕಥೆ ಎಲ್ಲರಿಗೂ ಬಾಯಿಪಾಠ, ವರದಿಯಲ್ಲಿ ಏನಿತ್ತು ಅಂದರೆ ‘ಗಣಿದು ಅಲ್ವಾ’. 2016ರಲ್ಲಿ ಸಿದ್ದರಾಮಯ್ಯನವರ ಕಾರಿನ ಮೇಲೆ ಕಾಗೆ ಕೂತಿತು. ಹೊಸ ಕಾರು ಬಂತು. ಹಳೆಯದು ಓಡಿ ಸವೆದಿತ್ತು ಎಂದು ಅವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಟಿ.ವಿ.ಯಲ್ಲಿ ಜ್ಯೋತಿಷಿಗಳು ಶನಿಯ ಲೆಕ್ಕ ತೆಗೆದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಬೇಕಿತ್ತು, ಆ ಕೊಂಬೆ ಐದು ವರ್ಷ ಪೂರ್ತಿ ಮುರಿಯಲಿಲ್ಲ. ಕಾಗೆಯ ಬಳಿ ಯಾರೂ ಪ್ರತಿಕ್ರಿಯೆ ಕೇಳಲಿಲ್ಲ.

ಇನ್ನು 2024ರ ಮೇ 30. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್, ತಮ್ಮ ಮೇಲೂ ಮುಖ್ಯಮಂತ್ರಿಯ ಮೇಲೂ ಕೇರಳದಲ್ಲಿ ಶತ್ರು ಭೈರವಿ ಯಾಗ ನಡೆಯುತ್ತಿದೆ ಎಂದರು. ಬರೀ ಯಾಗ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. 21 ಮೇಕೆ, 3 ಎಮ್ಮೆ, 21 ಕಪ್ಪು ಕುರಿ, 5 ಹಂದಿ ಎಂದು ಪಟ್ಟಿ ಸಮೇತ ಒಪ್ಪಿಸಿದರು. ಕಲಾಸಿಪಾಳ್ಯದ ಸಗಟು ವ್ಯಾಪಾರಿಗಳು ಕೂಡ ಇಷ್ಟು ನಿಖರವಾಗಿ ಇಂಡೆಂಟ್ ಬರೆಯುವುದಿಲ್ಲ. ಅಂಥದ್ದೇನೂ ನಡೆದಿಲ್ಲ ಎಂದಿತು ಕೇರಳ ಸರ್ಕಾರ. ಜೂನ್ 4ಕ್ಕೆ ಲೋಕಸಭಾ ಫಲಿತಾಂಶ ಬಂದಾಗ ಬೆಂಗಳೂರು ಗ್ರಾಮಾಂತರದಲ್ಲಿ ಅವರ ತಮ್ಮ ಡಿ.ಕೆ. ಸುರೇಶ್ ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. ಗೆದ್ದವರು ಡಾ. ಸಿ.ಎನ್. ಮಂಜುನಾಥ್, ಪುನೀತ್ ಹೋದಾಗ ಜನ ಸಾಲು ನಿಂತಿದ್ದರಲ್ಲ, ಆ ಜಯದೇವ ಆಸ್ಪತ್ರೆಗೆ ಆಗ ಅವರೇ ನಿರ್ದೇಶಕರು. ವರ್ಷಗಟ್ಟಲೆ ಹೃದ್ರೋಗಿಗಳನ್ನು ನೋಡಿದ ಡಾಕ್ಟರಿಗೆ ಜನ ವೋಟು ಹಾಕಿದರು ಎಂದರೆ ಟೀ ಅಂಗಡಿ ನಗುತ್ತದೆ. “ಕೆಲಸ ಮಾಡಿದ್ದು ಕುರಿ ಸಾರ್, ಕಪ್ಪು ಕುರಿ.”

ಊರಿನ ಹೆಸರನ್ನೇ ಇಟ್ಟುಕೊಂಡ ‘ಕಲಾಸಿಪಾಳ್ಯ’ ಚಿತ್ರ ಬಂದದ್ದು 2004ರಲ್ಲಿ. ಓಂ ಪ್ರಕಾಶ್ ರಾವ್ ನಿರ್ದೇಶನ, ದರ್ಶನ್ ನಾಯಕ. ಇಪ್ಪತ್ತು ವರ್ಷದ ಮೇಲೆ, 2024ರ ಜೂನ್ 11ರಂದು, ಆ ನಾಯಕ ಕೊಲೆ ಪ್ರಕರಣವೊಂದರಲ್ಲಿ ಬಂಧಿತರಾದರು. ಸೆಪ್ಟೆಂಬರಿನಲ್ಲಿ 17 ಆರೋಪಿಗಳ ವಿರುದ್ಧ 3,991 ಪುಟಗಳ ಆರೋಪಪಟ್ಟಿ. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟಿನಲ್ಲಿ ಜಾಮೀನು ರದ್ದು. ತಪ್ಪು ಯಾರದು ಎಂದು ಹೇಳಬೇಕಾದದ್ದು ಕೋರ್ಟು. ಆ ಕೆಲಸ ನನ್ನದಲ್ಲ. ತಮಾಷೆ ಇರುವುದು ಬೇರೆ ಕಡೆ. ಆರೋಪಪಟ್ಟಿಯಲ್ಲಿ ಒಳಸಂಚು ಎಂಬ ಕಲಮು ಅಚ್ಚಾಗಿಯೇ ಇದೆ. ಇಷ್ಟು ವರ್ಷ ಸಂಚು ಸಂಚು ಎಂದು ಹುಡುಕಿದವರಿಗೆ ಪೊಲೀಸರು ಸೀಲು ಹಾಕಿ ಒಂದನ್ನು ಕೊಟ್ಟರೆ, ‘ಇದು ಬೇಡ, ನಮ್ಮದೇ ಇದೆ’ ಅಂದರು. ಅವರ ಪ್ರಕಾರ ಸಂಚು ನಡೆದದ್ದು ನಟನ ಮೇಲೆ. ಕೈದಿ ಸಂಖ್ಯೆ 6106 ಆಟೋಗಳ ಹಿಂಬದಿ ಏರಿತು. ಹಸುಗೂಸಿಗೆ ಕೈದಿ ಬಟ್ಟೆ ತೊಡಿಸಿ ಅದೇ ನಂಬರು ಹಾಕಿ ಫೋಟೊ ತೆಗೆಸಿದರು. ಸತ್ತವನು ಚಿತ್ರದುರ್ಗದ ಒಬ್ಬ ಔಷಧಿ ಅಂಗಡಿ ನೌಕರ. ಮನೆಯಲ್ಲಿ ಗರ್ಭಿಣಿ ಹೆಂಡತಿ. ಅವನ ಪಾಲಿಗೆ ಥಿಯರಿಯೂ ಇಲ್ಲ, ಸ್ಟಿಕ್ಕರೂ ಇಲ್ಲ.

ಟೀ ಅಂಗಡಿಯಿಂದ ನೇರ ಕಾಣುವುದು ಕಲಾಸಿಪಾಳ್ಯದ ಹೊಸ ಬಸ್ ನಿಲ್ದಾಣ. ಕಾಮಗಾರಿ ವರ್ಷಗಟ್ಟಲೆ ಕುಂಟಿ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಕಂಡಿತು. ಅಷ್ಟೂ ವರ್ಷ ಮಂಡಿಯ ಕೆಸರಿನಲ್ಲಿ, ಲಾರಿಗಳ ಸಂದಿಯಲ್ಲಿ ಬಸ್ಸಿಗೆ ಓಡಿದವರು ಇದೇ ಜನ. ಸಂಶಯಪಡಲು ಇದಕ್ಕಿಂತ ಒಳ್ಳೆಯ ವಸ್ತು ಬೇಕೇ ಎಂದು ಏಜೆಂಟರನ್ನು ಕೇಳಿದೆ: ಇಷ್ಟು ತಡ ಆಯಿತಲ್ಲ, ಇದರ ಹಿಂದೆ ಏನಾದರೂ?

“ಅದರಲ್ಲೇನಿದೆ ಸಾರ್, ಮಾಮೂಲಿ” ಎಂದರು. ಬೆಂಡೆಕಾಯಿ ಮತ್ತೆ ಕೈಗೆ ಬಂತು. “ಆದ್ರೆ ಆ ಬಂದೂಕು ತಂದುಕೊಟ್ಟವನ್ಯಾರು ಅಂತ ನಿಮಗೆ ಗೊತ್ತಾ?”